‘ಕಾನ್ಫಿಡೆನ್ಷಿಯಲ್’ ಎಂದರೆ ಗುಟ್ಟಲ್ಲ

ಮಾನ್ಯ ಸಂಪಾದಕರೇ,

ಜಿಮೇಲ್‌ನ ‘ಕಾನ್ಫಿಡೆನ್ಷಿಯಲ್ ಮೋಡ್’ ಒತ್ತಿದರೆ ಪತ್ರ ಗುಟ್ಟಾಗಿರುತ್ತದೆ ಎಂಬ ನಂಬಿಕೆ ತಪ್ಪು. ಅದು ಫಾರ್ವರ್ಡ್, ಕಾಪಿ, ಪ್ರಿಂಟ್, ಡೌನ್‌ಲೋಡ್ ತಡೆಯುತ್ತದೆ, ಪತ್ರಕ್ಕೆ ಅವಧಿ ಹಾಕುತ್ತದೆ, ಅಷ್ಟೆ. ಗೂಗಲ್ ಸರ್ವರ್‌ನಲ್ಲಿ ಪತ್ರ ಕಂಪನಿಗೆ ಓದಲು ಬರುವಂತೆಯೇ ಇರುತ್ತದೆ. ಸ್ಕ್ರೀನ್‌ಶಾಟ್‌ಗಂತೂ ತಡೆಯೇ ಇಲ್ಲ.

ಬರೆದವರು, ಪಡೆದವರು ಮಾತ್ರ ಓದಬೇಕಿದ್ದರೆ ಓಪನ್‌ಪಿಜಿಪಿ ಎಂಬ ಗೂಢಲಿಪಿ ವಿಧಾನ ಬೇಕು. 2020ರಲ್ಲಿ ಬಂದ 78ನೇ ಆವೃತ್ತಿಯಿಂದ ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶದಲ್ಲಿ ಅದು ಒಳಗೇ ಇದೆ, ಉಚಿತ. ಅಕೌಂಟ್ ಸೆಟ್ಟಿಂಗ್ಸ್‌ನ ‘ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್’ಗೆ ಹೋಗಿ ಕೀಲಿಜೋಡಿ (ಪತ್ರಕ್ಕೆ ಬೀಗ ಹಾಕುವ ಸಾರ್ವಜನಿಕ ಕೀಲಿ, ಬೀಗ ತೆಗೆಯುವ ಖಾಸಗಿ ಕೀಲಿ) ಮಾಡಿಕೊಂಡು, ಸಾರ್ವಜನಿಕ ಕೀಲಿಯನ್ನಷ್ಟೇ ಹಂಚಬೇಕು. ಎದುರಿನವರ ಕೀಲಿ ಬಂದಾಗ ಅದರ 40 ಅಕ್ಷರಗಳ ಫಿಂಗರ್‌ಪ್ರಿಂಟನ್ನು (ಕೀಲಿಯ ಗುರುತನ್ನು) ಫೋನಿನಲ್ಲಿ ಓದಿಸಿ ತಾಳೆ ನೋಡಿ; ಇಲ್ಲವಾದರೆ ನಡುವೆ ಯಾರೋ ತಮ್ಮ ಕೀಲಿ ತೂರಿಸಿದ್ದರೂ ತಿಳಿಯದು. ಖಾಸಗಿ ಕೀಲಿಯ ಬ್ಯಾಕಪ್ ಪೆನ್‌ಡ್ರೈವ್‌ನಲ್ಲಿರಲಿ. ಲ್ಯಾಪ್‌ಟಾಪ್ ಕೆಟ್ಟು ಕೀಲಿ ಹೋದರೆ ಹಳೆಯ ಪತ್ರಗಳನ್ನು ಯಾರೂ ಬಿಡಿಸಿಕೊಡಲಾರರು.

ಯಾರು ಯಾರಿಗೆ ಯಾವಾಗ ಬರೆದರು ಎಂಬುದನ್ನು ಓಪನ್‌ಪಿಜಿಪಿಯೂ ಮುಚ್ಚುವುದಿಲ್ಲ.

— ಓರ್ವ ಓದುಗ, ಮೈಸೂರು