ಈ ಭಾನುವಾರದ ಮಾತು: ಹೆರಾಲ್ಡ್ ವ್ಯಾಗ್‌ಸ್ಟಾಫ್

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 7ಕ್ಕೆ ಗುಂಪಿನ ಕರೆಯಲ್ಲಿ ರಗ್ಬಿ ಲೀಗ್‌ನ (ರಗ್ಬಿಯ ಒಂದು ಬಗೆ) ಮೊದಲ ಕಾಲದ ಆಟಗಾರ ಹೆರಾಲ್ಡ್ ವ್ಯಾಗ್‌ಸ್ಟಾಫ್ ಬಗ್ಗೆ ಮಾತಾಡೋಣ.

ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಹುಡುಗ. 1906ರಲ್ಲಿ, ಬರೀ 15ನೇ ವಯಸ್ಸಿಗೇ ಹಡರ್ಸ್‌ಫೀಲ್ಡ್ ತಂಡಕ್ಕೆ ಆಡಿದ. ಮುಂದೆ ಅದೇ ತಂಡದ ನಾಯಕನಾಗಿ 1914-15ರಲ್ಲಿ ನಾಲ್ಕಕ್ಕೆ ನಾಲ್ಕೂ ಕಪ್ ಗೆದ್ದ.

ನನಗೆ ಜಾಸ್ತಿ ಇಷ್ಟವಾಗೋದು 1914ರ ಜುಲೈ 4ರಂದು ಆಸ್ಟ್ರೇಲಿಯಾ ವಿರುದ್ಧ ಆಡಿದ ಸಿಡ್ನಿ ಟೆಸ್ಟ್. ಬ್ರಿಟಿಷ್ ತಂಡಕ್ಕೆ ಇವನೇ ನಾಯಕ. ಎಂಟೇ ದಿನದಲ್ಲಿ ಅದು ಮೂರನೇ ಟೆಸ್ಟ್, ಸರಣಿ 1-1. ತಂಡಕ್ಕೆ 13 ಜನ. ಪೆಟ್ಟಾದವರ ಬದಲು ಬೇರೆಯವರನ್ನು ಇಳಿಸುವ ಹಾಗಿರಲಿಲ್ಲ. ಬ್ರಿಟಿಷ್ ತಂಡದ ಡಗ್ಲಸ್ ಕ್ಲಾರ್ಕ್‌ಗೆ ಕಾಲರ್ ಮೂಳೆ ಮುರೀತು. ಇನ್ನಿಬ್ಬರೂ ಹೊರಗೆ ಹೋದರು. ಉಳಿದ 10 ಜನ ದ್ವಿತೀಯಾರ್ಧದ ಬಹುಪಾಲು ಗೋಡೆಯ ಹಾಗೆ ನಿಂತರು. ಸುಮ್ನೆ ತಡೆದು ನಿಂತದ್ದಲ್ಲ, ವ್ಯಾಗ್‌ಸ್ಟಾಫ್ ದಾರಿ ಮಾಡಿಕೊಟ್ಟ, ಜೊತೆಯಾಟಗಾರ ಚಿಕ್ ಜಾನ್ಸನ್ ಚೆಂಡನ್ನು ಕಾಲಲ್ಲೇ ತಳ್ಳಿಕೊಂಡು ಓಡಿ ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿ ಪಡೆಯುವ ಅಂಕ) ಗಳಿಸಿದ! ಕೊನೆಗೆ ಬ್ರಿಟಿಷ್ ತಂಡ 14-6ರಿಂದ ಗೆದ್ದಿತು. ಇಂಥ ನಾಯಕತ್ವ ಎಲ್ಲಿ ಸಿಗುತ್ತೆ, ಅಲ್ವಾ?

ಈ ಪಂದ್ಯದ ಹಳೇ ಫೋಟೋ, ಪತ್ರಿಕೆ ತುಣುಕು ಯಾರ ಹತ್ತಿರವಾದರೂ ಇದ್ದರೆ ಶನಿವಾರದೊಳಗೆ ಇಲ್ಲೇ ಹಾಕಿ. ರಗ್ಬಿ ಹೊಸದು ಅನ್ನುವವರು ಹತ್ತು ನಿಮಿಷ ಮೊದಲೇ ಬನ್ನಿ, ನಿಯಮ ಹೇಳಿಕೊಡ್ತೇನೆ.