ಡಸ್ಟಿ ಬಗ್ಗೆ ಬರೆಯುವಾಗ 1964 ಬಿಟ್ಟುಹೋಗಬಾರದು

ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಬ್ರಿಟನ್ನಿನ ಪಾಪ್ ಗಾಯಕಿ ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಬಗ್ಗೆ ಬಂದ ಬರಹ ಓದಿ ಖುಷಿಯಾಯಿತು. ಕನ್ನಡದಲ್ಲಿ ಅವರ ಹೆಸರು ಕಾಣುವುದೇ ಅಪರೂಪ. ಎತ್ತಿ ಕಟ್ಟಿದ ಹೊಂಬಣ್ಣದ ಕೂದಲು, ಕಣ್ಣಿನ ದಟ್ಟ ಕಪ್ಪು, ಕೊನೆಗಾಲದ ಕಾಯಿಲೆ ಎಲ್ಲವೂ ಅದರಲ್ಲಿತ್ತು. ಆದರೆ ಯಾವ ಕಾರಣಕ್ಕೆ ಅವರು ನನಗೆ ಜಾಸ್ತಿ ಇಷ್ಟವೋ ಅದೇ ಇರಲಿಲ್ಲ.

1964ರ ಡಿಸೆಂಬರ್. ಡಸ್ಟಿಗೆ ಆಗ 25 ವರ್ಷ. ಅಣ್ಣ ಟಾಮ್ ಜೊತೆಗಿದ್ದ ತಂಡ ಬಿಟ್ಟು ಒಬ್ಬರೇ ಹಾಡಲು ಶುರುಮಾಡಿ ಒಂದು ವರ್ಷ ಕಳೆದಿತ್ತಷ್ಟೇ. ದಕ್ಷಿಣ ಆಫ್ರಿಕಾದಲ್ಲಿ ಹಾಡಲು ಹೋದರು. ನೆಲ್ಸನ್ ಮಂಡೇಲಾ ಅವರಿಗೆ ಅಲ್ಲಿ ಜೀವಾವಧಿ ಶಿಕ್ಷೆಯಾಗಿ ಆರು ತಿಂಗಳಾಗಿತ್ತು. ಬಿಳಿಯರನ್ನೂ ಕಪ್ಪು ಜನರನ್ನೂ ಬೇರೆ ಬೇರೆ ಕೂರಿಸಿದರೆ ಹಾಡುವುದಿಲ್ಲ ಎಂದು ಡಸ್ಟಿ ಒಪ್ಪಂದದಲ್ಲೇ ಬರೆಸಿದ್ದರು. ಕೇಪ್‌ಟೌನ್ ಹತ್ತಿರ ಎಲ್ಲರೂ ಒಟ್ಟಿಗೆ ಕೂತ ಸಭೆಗೆ ಹಾಡಿಯೇ ಹಾಡಿದರು. ಸರ್ಕಾರ ಅವರನ್ನು ದೇಶದಿಂದ ಹೊರಹಾಕಿತು. ಸುಮ್ನೆ ಹಾಡಿ, ದುಡ್ಡು ತೆಗೆದುಕೊಂಡು ವಾಪಸ್ ಬರಬಹುದಿತ್ತು, ಅಲ್ವಾ? ಹೊಸದಾಗಿ ಹೆಸರು ಮಾಡುತ್ತಿದ್ದ ಹುಡುಗಿ ಹಾಗೆ ಮಾಡಲಿಲ್ಲ.

ಮರುವರ್ಷ ಲಂಡನ್ನಿನ ಟೀವಿಯಲ್ಲಿ ಅಮೆರಿಕದ ಡೆಟ್ರಾಯ್ಟ್‌ನ ಮೋಟೌನ್ ಎಂಬ ಹಾಡುಗಳ ರೆಕಾರ್ಡ್ ಕಂಪನಿಯ ಕಲಾವಿದರಿಗಾಗಿಯೇ ಒಂದು ಕಾರ್ಯಕ್ರಮವಾಯಿತು. ಅದನ್ನು ನಡೆಸಿಕೊಟ್ಟವರು ಡಸ್ಟಿ. ಸುಪ್ರೀಮ್ಸ್, ಸ್ಟೀವಿ ವಂಡರ್ ಅವರಂಥ ಕಪ್ಪು ಕಲಾವಿದರನ್ನು ಬ್ರಿಟನ್ನಿನ ಎಷ್ಟೋ ಮನೆಗಳವರು ನೋಡಿದ್ದು ಆ ರಾತ್ರಿ. ತಾನು ಮೆಚ್ಚಿ ಕಲಿತ ಹಾಡುಗಾರಿಕೆ ಯಾರದ್ದು ಎಂಬುದನ್ನು ಡಸ್ಟಿ ಯಾವತ್ತೂ ಮುಚ್ಚಿಡಲಿಲ್ಲ.

ಇನ್ನು ಅವರ ಹಟ! 1966ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದ ಹಾಡನ್ನು ಸ್ಟುಡಿಯೋದ ಮೆಟ್ಟಿಲ ಮೇಲೆ ನಿಂತು ಹಾಡಿದರು. ದನಿ ಅಲ್ಲಿ ಚೆನ್ನಾಗಿ ಮೊಳಗುತ್ತಿತ್ತು. 47 ಸಲ ಹಾಡಿದ ಮೇಲೆಯೇ ಅವರಿಗೆ ಸಮಾಧಾನವಾಗಿದ್ದು. ಆ ಹಾಡು ಕೇಳುವಾಗ ಇದು ನೆನಪಿಗೆ ಬಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. 1969ರ ‘ಡಸ್ಟಿ ಇನ್ ಮೆಂಫಿಸ್’ ಆಲ್ಬಮ್ ಆಗ ಹೆಚ್ಚು ಮಾರಾಟವಾಗಲಿಲ್ಲ. ಈಗ ಪಾಪ್‌ನ ಒಳ್ಳೆಯ ಆಲ್ಬಮ್‌ಗಳ ಪಟ್ಟಿ ಮಾಡುವವರು ಅದನ್ನು ಬಿಡುವುದಿಲ್ಲ. 1987ರಲ್ಲಿ ಬ್ರಿಟನ್ನಿನ ಪಾಪ್ ಜೋಡಿ ಪೆಟ್ ಶಾಪ್ ಬಾಯ್ಸ್ ಜೊತೆ ಹಾಡಿ ಮತ್ತೆ ಎದ್ದು ಬಂದರು.

1999ರ ಮಾರ್ಚ್ 2ರಂದು ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು. ದೊಡ್ಡ ಸಂಗೀತಗಾರರನ್ನು ಗೌರವಿಸುವ ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಅವರನ್ನು ಸೇರಿಸಿಕೊಂಡದ್ದು ಅದಾಗಿ ಹದಿಮೂರು ದಿನಕ್ಕೆ.

ಏಪ್ರಿಲ್ 16 ಅವರು ಹುಟ್ಟಿದ ದಿನ. ಆವತ್ತು ಡಸ್ಟಿ ಬಗ್ಗೆ ಇನ್ನೊಂದು ಬರಹ ಹಾಕುವುದಾದರೆ, ದಯವಿಟ್ಟು ದಕ್ಷಿಣ ಆಫ್ರಿಕಾದ ಆ ಕಥೆಯಿಂದಲೇ ಶುರುಮಾಡಿ.

ಇಂತಿ,
ನಿಮ್ಮ ಓದುಗ, ಮೈಸೂರು