ಲೆಕ್ಕದ ಪುಸ್ತಕ ಹುಡುಗಿಯರ ಕೈಗೂ ಬರಲಿ

ಮಾನ್ಯ ಸಂಪಾದಕರೇ,

ನನ್ನ ಮಗಳು ಚಿತ್ರದುರ್ಗದಲ್ಲಿ ಪದವಿ ಓದುತ್ತಿದ್ದಾಳೆ. ಈಚೆಗೆ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್‌ನ ಏಳು ದಿನದ ಶಿಬಿರಕ್ಕೆ ಹೋಗಿದ್ದಳು. ಚರಂಡಿ ತೆಗೆದರು, ಶಾಲೆಗೆ ಸುಣ್ಣ ಬಳಿದರು. ಆದರೆ ಹುಡುಗಿಯರ ಪಾಲಿಗೆ ಜಾಸ್ತಿ ಬಂದಿದ್ದು ಅಡುಗೆ, ರಂಗೋಲಿ, ಸ್ವಾಗತಗೀತೆ. ತಂಡ ನಡೆಸುವುದು, ಪಂಚಾಯಿತಿಯವರ ಜೊತೆ ಮಾತಾಡುವುದು, ಖರ್ಚಿನ ಲೆಕ್ಕ ಎಲ್ಲ ಹುಡುಗರದ್ದು.

ಕುಡಿಯುವ ನೀರಿನ ಬಗ್ಗೆ ಕೇಳಲು ಮನೆಮನೆಗೆ ಹೋದಾಗ ಮಾತ್ರ, ಊರಿನ ಹೆಂಗಸರು ಮನಸ್ಸು ಬಿಚ್ಚಿದ್ದು ಹುಡುಗಿಯರ ಹತ್ತಿರವೇ. ಅವತ್ತು ಸಂಜೆ ಊರವರ ಮುಂದೆ ಎದ್ದು ನಿಂತು ಅದನ್ನೆಲ್ಲ ಹೇಳಿದವಳು ನನ್ನ ಮಗಳು. ಮನೆಗೆ ಬಂದಾಗ ಅವಳ ದನಿಯೇ ಬದಲಾಗಿತ್ತು.

ಎನ್‌ಎಸ್‌ಎಸ್‌ನಲ್ಲಿ ಎರಡು ವರ್ಷಕ್ಕೆ 240 ಗಂಟೆ ಸೇವೆ ಇರುತ್ತದೆ. ಕಲಿಯಲು ಅದು ಸಣ್ಣ ಅವಕಾಶವಲ್ಲ. ನಮ್ಮ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರಿಗೇ ಮೀಸಲು. ನಾಳೆ ಆ ಕುರ್ಚಿಯಲ್ಲಿ ಕೂತು ಗಂಡನ ಮುಖ ನೋಡದೆ ಮಾತಾಡಬೇಕಾದರೆ ಈಗಿನಿಂದಲೇ ರೂಢಿ ಆಗಬೇಕು, ಅಲ್ವಾ?

ನವೆಂಬರ್ 11ರಂದು ಒನಕೆ ಓಬವ್ವ ಜಯಂತಿ. ಈ ಸಲ ಕೋಟೆ ಊರಿನ ಕಾಲೇಜುಗಳು ಸುಮ್ನೆ ಹಾರ ಹಾಕಿ ಮುಗಿಸದೆ, ಮುಂದಿನ ಶಿಬಿರಕ್ಕೆ ಹುಡುಗಿಯರನ್ನೇ ನಾಯಕಿಯರನ್ನಾಗಿ ಆರಿಸಲಿ. ಲೆಕ್ಕದ ಪುಸ್ತಕವನ್ನೂ ಅವರ ಕೈಗೇ ಕೊಡಲಿ.

– ಒಬ್ಬ ತಾಯಿ, ಚಿತ್ರದುರ್ಗ